ಪೆಂಗ್ವಿನ್ ರಾಯರು

ಹೊಸಬರ ಪರಿಚಯವಾದೊಡನೆ ನಮ್ಮ ಹಿರಿಯರು ಊರು ಯಾವುದು, ಗೋತ್ರ ಯಾವುದು ಎಂದು ವಿಚಾರಿಸುತ್ತಿದ್ದರಷ್ಟೆ, ನನ್ನ ಮಿತ್ರರೊಬ್ಬರು ಮಾತ್ರ, ಕಾಫಿಯ ಲೋಟ ತುಟಿಗೆ ತಾಗುವ ಮುನ್ನವೇ, "ತಮ್ಮದು ಯಾವ ಓಎಸ್ಸು?" ಎಂದು ಕೇಳುತ್ತಾರೆ. ವಿಂಡೋಸ್ ಎಂದವರನ್ನು ಅವರು ದ್ವೇಷಿಸುವವರಲ್ಲ; ಇಸ್ಪೀಟಿನ ಚಟಕ್ಕೆ ಬಿದ್ದ ಸದ್ಗೃಹಸ್ಥನನ್ನು ಕಂಡಂತೆ ಮರುಗುತ್ತಾರೆ. ಮ್ಯಾಕ್ ಎಂದವರನ್ನು ಶ್ರೀಮಂತರ ಮನೆಗೆ ಅಳಿಯನಾಗಿ ಹೋದವನೆಂಬಂತೆ ಕಂಡು ಸುಮ್ಮನಾಗುತ್ತಾರೆ. ಲಿನಕ್ಸಿನ ಲಾಂಛನ ಪೆಂಗ್ವಿನ್ ಪಕ್ಷಿಯಾದುದರಿಂದಲೂ, ಅದರ ಚಿತ್ರ ಅವರ ಹೆಗಲ ಚೀಲದ ಮೇಲೂ ಸ್ಕೂಟರಿನ ಮೇಲೂ ವಿರಾಜಮಾನವಾಗಿರುವುದರಿಂದಲೂ, ಮೈಸೂರಿನ ನಮ್ಮ ಬೀದಿಯಲ್ಲಿ ಅವರಿಗೆ ಪೆಂಗ್ವಿನ್ ರಾಯರೆಂದೇ ಹೆಸರು. ಇಂಥವರೊಬ್ಬರಿಲ್ಲದ ಕಚೇರಿಯಾಗಲಿ ಬಡಾವಣೆಯಾಗಲಿ ಇಲ್ಲವೆಂಬುದನ್ನು ವಾಚಕರು ಬಲ್ಲರು.

ನನ್ನ ಅಪರಾಧ ಇಷ್ಟೆ. ಮೊಮ್ಮಗನ ನಾಮಕರಣದ ವಿಡಿಯೊ ಮಗನ ಮ್ಯಾಕ್‌ನಲ್ಲಿತ್ತು. ಅದು ನನ್ನ ವಿಂಡೋಸ್ ಯಂತ್ರಕ್ಕೆ, ಎಂದರೆ ಹಜಾರದಿಂದ ನನ್ನ ಕೋಣೆಗೆ, ಹದಿನೈದು ಹೆಜ್ಜೆ ಬರಬೇಕಾಗಿತ್ತು. 16 ಜಿಬಿಯ ಪೆನ್‌ಡ್ರೈವು ಖಾಲಿಯಿದ್ದೂ 7 ಜಿಬಿಯ ಆ ವಿಡಿಯೊವನ್ನು ನುಂಗಲಾರೆನೆಂದು ಹಟ ಹಿಡಿಯಿತು. ರಾಯರನ್ನು ಕೇಳಿದೆ, ಕೇಳಬಾರದಾಗಿತ್ತು. ಪೆನ್‌ಡ್ರೈವು ಫ್ಯಾಟ್-32 ಪದ್ಧತಿಯದೆಂದೂ, ಅದರಲ್ಲಿ ಯಾವ ಫೈಲೂ 4 ಜಿಬಿಯನ್ನು ಮೀರುವಂತಿಲ್ಲವೆಂದೂ, ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿದರೆ ಮ್ಯಾಕ್ ಅದನ್ನು ಓದೀತೇ ಹೊರತು ಅದರಲ್ಲಿ ಬರೆಯಲೊಲ್ಲದೆಂದೂ ಅವರು ವಿವರಿಸುತ್ತಿರಲು, ಸಂಗೀತ ಕಚೇರಿಗಳಲ್ಲಿ ಕಲಿತ ವಿದ್ಯೆಯಿಂದ ನಾನು ಸಕಾಲದಲ್ಲಿ ತಲೆದೂಗುತ್ತಿದ್ದೆ.

"ಎಕ್ಸ್‌ಫ್ಯಾಟ್ ಮಾಡಿದ್ರಾಯ್ತಲ್ಲ ಅಂಕಲ್, ಎಲ್ಲದರಲ್ಲೂ ನಡೆಯತ್ತೆ" ಎಂದು ಪಕ್ಕದ ಮನೆಯ ಹುಡುಗ ಬಾಯಿ ಹಾಕಿದ.

ರಾಯರ ಮುಖ ಕಪ್ಪಿಟ್ಟಿತು. ಮೈಕ್ರೋಸಾಫ್ಟಿನವರು 2006ರಲ್ಲಿ ಹೊರತಂದು, ಪೇಟೆಂಟಿನ ಬೇಲಿಯೊಳಗೆ ಕಾಪಾಡಿಕೊಂಡು, 2019ರಲ್ಲಿ ಅದರ ವಿವರಗಳನ್ನು ಬಹಿರಂಗಪಡಿಸಿದ ಮೇಲಷ್ಟೇ ಲಿನಕ್ಸಿನ 5.4ನೆಯ ಕರ್ನೆಲ್ಲಿಗೆ ಸೇರಿದ ಆ ಪದ್ಧತಿಯನ್ನು, ಹದಿಮೂರು ವರ್ಷ ಹೊಸ್ತಿಲಾಚೆ ನಿಲ್ಲಿಸಿದ ಬಂಧುಗಳ ಮನೆಯ ಊಟವನ್ನು ಒಲ್ಲೆನೆನ್ನುವ ಅಭಿಮಾನಿಯಂತೆ ಅವರು ನಿರಾಕರಿಸಿದರು. "ಅದೆಲ್ಲ ತಾತ್ಕಾಲಿಕ ಸ್ವಾಮಿ. ನಿಮಗೆ ಶಾಶ್ವತವಾದ ವ್ಯವಸ್ಥೇನೇ ಮಾಡಿಕೊಡ್ತೀನಿ."

ಮರುದಿನ ಸಂಜೆ ಯಾರೋ ಬಿಸುಟಿದ್ದ ಕಂಪ್ಯೂಟರೊಂದನ್ನು ಸ್ಕೂಟರಿನಲ್ಲಿ ಹೇರಿಕೊಂಡು ಬಂದು, ಹಜಾರದ ಮೇಜಿನ ಕೆಳಗೆ ಅದನ್ನು ಪ್ರತಿಷ್ಠಾಪಿಸಿ, "ಇನ್ನು ಸಾಂಬಾ ಬಂದರೆ ಎಲ್ಲ ಸರಿಹೋಗುತ್ತೆ" ಎಂದರು. ಒಳಗಿದ್ದ ನಮ್ಮ ಅಕ್ಕ ಅದನ್ನು ಕೇಳಿ ಭಕ್ತಿಯಿಂದ ಕೈಮುಗಿದರು. ಈ ಸಾಂಬನು ಅಂಬಾಸಮೇತನಾದ ಸದಾಶಿವನಲ್ಲ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಎಂಬಾತ ಮೂರು ದಶಕಗಳ ಹಿಂದೆ ಬರೆಯತೊಡಗಿದ ತಂತ್ರಾಂಶ. ವಿಂಡೋಸಿನ ಹಂಚಿಕೆಯ ಭಾಷೆಗೆ ಎಸ್‌ಎಂಬಿ ಎಂದು ಹೆಸರಾದ್ದರಿಂದ, ಆ ಮೂರು ಅಕ್ಷರಗಳಿರುವ ಪದಗಳನ್ನು ನಿಘಂಟಿನಲ್ಲಿ ಶೋಧಿಸಿ ಆತ ಈ ಹೆಸರನ್ನಾಯ್ದನಂತೆ. ಅದು ದುಭಾಷಿ, ಲಿನಕ್ಸ್ ಯಂತ್ರವು ವಿಂಡೋಸಿನೊಡನೆ ವಿಂಡೋಸಿನ ಮಾತಿನಲ್ಲೇ ಸಂಭಾಷಿಸುವಂತೆ ಮಾಡುತ್ತದೆ.

ಸಂಭಾಷಣೆ ಮೂರು ಸಂಜೆ ನಡೆಯಿತು. ನನ್ನ ಪರದೆ ಗುಪ್ತಪದ ಕೇಳುವುದು, ನಾನು ಕೊಡುವುದು, ಅದು ತಿರಸ್ಕರಿಸುವುದು. ರಾಯರು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮೇಜಿನಡಿಯಲ್ಲಿ ಅಂಗಾತ ಮಲಗಿ, ಮೊದಲು ನನ್ನ ಬೆರಳುಗಳನ್ನೂ, ಅನಂತರ ಫೈರ್‌ವಾಲನ್ನೂ, ಕಟ್ಟಕಡೆಗೆ ವಿಂಡೋಸಿನ ಜಾತಕವನ್ನೂ ದೂಷಿಸಿದರು. ಮೊದಲ ಸಂಜೆ ನನ್ನ ಪತ್ನಿ ಬೋಂಡ ಕರಿದಳು. ಎರಡನೆಯ ಸಂಜೆ ಉಪ್ಪಿಟ್ಟು. ಮೂರನೆಯ ಸಂಜೆ ಬರಿಯ ಕಾಫಿ, ಅದೂ ಅರ್ಧ ಲೋಟ. ಆ ಅರ್ಧ ಲೋಟದ ಮಹಿಮೆಯೋ ಏನೋ, ರಾಯರು ತಟ್ಟನೆ ಎದ್ದು ಒಂದು ಸಾಲು ಬೆರಳಚ್ಚಿಸಿದರು, ಫೋಲ್ಡರು ತೆರೆಯಿತು. ಲಿನಕ್ಸಿನ ಗುಪ್ತಪದ ಬೇರೆ, ಸಾಂಬಾದ ಗುಪ್ತಪದ ಬೇರೆ. ಎರಡನೆಯದನ್ನು ಅವರು ಇಟ್ಟೇ ಇರಲಿಲ್ಲ. "ಏನಾಗಿತ್ತು ರಾಯರೇ?" ಎಂದರೆ, "ಸಣ್ಣ ಕಾನ್ಫಿಗರೇಷನ್ನು" ಎಂದರು.

ಆದರೂ ವಿಡಿಯೊ ಸಿಗಲಿಲ್ಲ. ಶುಭಕಾರ್ಯವೆಂದು ರಾಯರು ಅದಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ "ನಾಮಕರಣ 11:30" ಎಂದು ಮುಹೂರ್ತ ಸಹಿತ ಹೆಸರಿಟ್ಟಿದ್ದರು. ಫೈಲಿನ ಹೆಸರಿನಲ್ಲಿ ಆ ಎರಡು ಚುಕ್ಕೆಗಳಿದ್ದರೆ ಲಿನಕ್ಸಿಗೆ ಸಮ್ಮತ, ವಿಂಡೋಸಿಗೆ ನಿಷಿದ್ಧ. ಆದುದರಿಂದ ದುಭಾಷಿಯಾದ ಸಾಂಬಾ ಮೊದಲ ಅಕ್ಷರವೊಂದನ್ನುಳಿಸಿ, ಮುಂದೆ ಅರ್ಥವಿಲ್ಲದ ಅಕ್ಷರ, ಅಂಕಿ, ಅಂಕುಡೊಂಕು ಗೆರೆಯೊಂದನ್ನು ಪೋಣಿಸಿ, ಮೊಮ್ಮಗನ ನಾಮಕರಣಕ್ಕೇ ಮರುನಾಮಕರಣ ಮಾಡಿಬಿಟ್ಟಿತ್ತು. ಗುರುತು ಹಿಡಿದದ್ದು ಪಕ್ಕದ ಮನೆಯ ಹುಡುಗ.

ಹಳೆಯ ನುಡಿ ಫಾಂಟಿನಲ್ಲಿದ್ದ ನನ್ನ ಲೇಖನಗಳು ಅವರ ಯಂತ್ರದಲ್ಲಿ ಟೋಪಿ ತೊಟ್ಟ ಯೂರೋಪಿನ ಅಕ್ಷರಗಳಾಗಿ ಕಾಣಿಸಿದಾಗ ರಾಯರು ನನ್ನ ಮುಂದೆ ಯೂನಿಕೋಡಿನ ಮಹಾತ್ಮೆಯನ್ನು ಪಾರಾಯಣ ಮಾಡಿದ ಪ್ರಸಂಗವನ್ನು ಬಿಟ್ಟುಬಿಡುತ್ತೇನೆ. ಅವರು ಒಂದು ಬಿಡಿಗಾಸನ್ನೂ ಮುಟ್ಟಲಿಲ್ಲವೆಂಬುದನ್ನು ಮಾತ್ರ ಬಿಡಲಾಗದು. ಹೊರಟು ನಿಂತಾಗ, ಬೆಂಗಳೂರಿನಲ್ಲಿರುವ ಅವರ ಮಗನ ಮಾತು ಬಂತು. "ಅವನದೆಲ್ಲ ಕ್ಲೌಡಂತೆ ಸ್ವಾಮಿ. ನನ್ನ ಹತ್ರ ಕೇಳೋದು ಏನೂ ಇಲ್ಲ" ಎಂದು, ಚಪ್ಪಲಿ ಮೆಟ್ಟಿದ ಮೇಲೂ ಐದು ನಿಮಿಷ ಹೊಸ್ತಿಲಲ್ಲೇ ನಿಂತಿದ್ದರು. ಅರ್ಧ ಲೋಟದ ನೆನಪಾಗಿ ನನಗೆ ನಾಚಿಕೆಯಾಯಿತು.

ಕಳೆದ ವರ್ಷ ಆ ಮಗನೇ ಬಂದು ಅವರನ್ನು ಕರೆದುಕೊಂಡು ಹೋದ. ತಿಂಗಳಿಗೊಮ್ಮೆ ಫೋನು ಬರುತ್ತದೆ, ಕ್ಷೇಮಸಮಾಚಾರಕ್ಕೂ ಮೊದಲು, "ಸರ್ವರ್ ಓಡ್ತಾ ಇದೆಯೇ?" ಎಂಬ ಪ್ರಶ್ನೆ. "ಓಡ್ತಾ ಇದೆ ರಾಯರೇ" ಎನ್ನುತ್ತೇನೆ. ಆ ಪ್ಲಗ್ಗಿನಲ್ಲಿ ಈಗ ಓಡುತ್ತಿರುವುದು ನಮ್ಮ ಮನೆಯ ಗ್ರೈಂಡರು. ವಾಚಕರಲ್ಲಿ ಯಾರಾದರೂ ಅವರನ್ನು ಬಲ್ಲವರಿದ್ದರೆ, ದಯವಿಟ್ಟು ತಿಳಿಸಬೇಡಿ.