ವಾಲಿಗೊಂದು ಗ್ರಾಫಿಕ್ಸ್ ಕಾರ್ಡು

ಸಾಗರದ ಹತ್ತಿರ ನಮ್ಮೂರ ಮನೆಯ ಅಟ್ಟದಿಂದ ಆ ಟ್ರಂಕು ಇಳಿಸುವುದಕ್ಕೆ ಇಬ್ಬರು ಬೇಕಾಯಿತು. ಅಪ್ಪ ತೀರಿಕೊಂಡ ಮೇಲೆ ಅದರ ಬೀಗವನ್ನು ಯಾರೂ ತೆಗೆದಿರಲಿಲ್ಲ. ಒಳಗಿದ್ದದ್ದು ಕ್ಯಾಸೆಟ್ಟುಗಳು. ಸುತ್ತಮುತ್ತ ಎಲ್ಲಿ ತಾಳಮದ್ದಳೆ ಎಂದರೂ ಅಪ್ಪ ಟೇಪ್‌ರೆಕಾರ್ಡರನ್ನು ಮಗುವಿನಂತೆ ಬಗಲಿಗೆ ಹಾಕಿಕೊಂಡು ಹೋಗಿ ಮೈಕಿನ ಬುಡದಲ್ಲಿ ಜಾಗ ಹಿಡಿಯುತ್ತಿದ್ದರು. ಮೇಲೆಯೇ ಇದ್ದ ಒಂದು ಕ್ಯಾಸೆಟ್ಟಿನ ಮೇಲೆ ಅವರ ಗುಂಡು ಅಕ್ಷರದಲ್ಲಿ ‘ಶೇಣಿ, ವಾಲಿವಧೆ, 1’ ಎಂದಿತ್ತು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ! ಅದರ ಮೇಲೆ ಬಿಳಿ ಬೂಷ್ಟು ಕೂತಿತ್ತು.

“ಇದನ್ನೆಂತ ಮಾಡ್ತೀಯ ಮಾರಾಯ? ಒಲೆಗೆ ಹಾಕಿದ್ರೆ ನಾತ ಬರ್ತದೆ ಅಂತ ಇಟ್ಕೊಂಡಿದ್ದು” ಎಂದ ಅಣ್ಣ.

“ಕಂಪ್ಯೂಟರಿಗೆ ಹಾಕ್ತೇನೆ” ಎಂದೆ. ಬೆಂಗಳೂರಿನಲ್ಲಿರುವ ತಮ್ಮ ಊರಿಗೆ ಬಂದಾಗ ಆಡುವ ಮಾತಿಗೆ ಒಂದು ತೂಕ ಬೇಕಲ್ಲ, ಅದಕ್ಕೆ ಹೇಳಿದ್ದು. ನನ್ನ ದುರದೃಷ್ಟಕ್ಕೆ ಎಂಜಿನಿಯರಿಂಗ್ ಓದುವ ಮಗ ಪಕ್ಕದಲ್ಲೇ ಇದ್ದ. ಅಜ್ಜನ ಕ್ಯಾಸೆಟ್ಟು, ಬೂಷ್ಟು, ವಾಲಿ ಯಾವುದೂ ಅವನ ಕಿವಿಗೆ ಬಿದ್ದಿರಲಿಲ್ಲ. ‘ಕಂಪ್ಯೂಟರ್’ ಎಂಬುದು ಬಿತ್ತು.

ವಾಪಸು ಬರುವಾಗ ತರೀಕೆರೆ ದಾಟುವುದರೊಳಗೆ ಅವನ ಯೋಜನೆ ಸಿದ್ಧವಾಗಿತ್ತು. “ಅಪ್ಪಾ, ನಮ್ಮ ಹಳೇ ಡಬ್ಬ ಆಗಲ್ಲ. ಬಿಡಿಭಾಗ ತಂದು ನಾವೇ ಒಂದು ಕಟ್ಟೋಣ. ಒಂದೇ ಮೆಷಿನ್ನು. ನಿಂಗೆ ಸ್ಟೋರೇಜು, ನಂಗೆ ಗೇಮಿಂಗು.”

ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಅಣ್ಣತಮ್ಮ ಎಮ್ಮೆಯನ್ನು ಪಾಲು ಮಾಡಿಕೊಳ್ಳುತ್ತಾರೆ. ಮುಂದಿನ ಅರ್ಧ ಒಬ್ಬನಿಗೆ, ಹಿಂದಿನ ಅರ್ಧ ಇನ್ನೊಬ್ಬನಿಗೆ. ಹುಲ್ಲು ಹಾಕುವುದು ಒಬ್ಬ, ಹಾಲು ಕರೆಯುವುದು ಇನ್ನೊಬ್ಬ. ನನ್ನ ಪಾಲಿಗೆ ಯಾವ ಅರ್ಧ ಬಂದಿದೆ ಎಂದು ಗೊತ್ತಾಗುವುದಕ್ಕೆ ನನಗೆ ಒಂದು ವಾರ ಹಿಡಿಯಿತು.

ಆ ವಾರವೆಲ್ಲ ಊಟದ ಹೊತ್ತಿಗೆ ಪಟ್ಟಿ. ದಿನಸಿ ಪಟ್ಟಿಯಾದರೆ ಬೇಳೆ ಬದಲಿಸಿದರೆ ಬೇಳೆಯಷ್ಟೇ ಬದಲಾಗುತ್ತದೆ. ಇಲ್ಲಿ ಹಾಗಲ್ಲ. ಪ್ರೊಸೆಸರ್ ಬದಲಿಸಿದರೆ ಅದು ಕೂರುವ ಸಾಕೆಟ್ ಬೇರೆ, ಸಾಕೆಟ್ ಬೇರೆಯಾದರೆ ಮದರ್‌ಬೋರ್ಡೂ ಬೇರೆ. ಎಎಂಡಿಯವರ ಎಎಂ4 ಎಂಬ ಹಳೆಯ ಸಾಕೆಟ್ಟಿನಲ್ಲಿ ಕಾಲುಗಳಿರುವುದು ಪ್ರೊಸೆಸರಿಗೆ. 2022ರಲ್ಲಿ ಬಂದ ಎಎಂ5ರಲ್ಲಿ ಕಾಲುಗಳೆಲ್ಲ ಬೋರ್ಡಿಗೆ ಹೋಗಿವೆ, ಲೆಕ್ಕಕ್ಕೆ 1718. ಒಂದು ಸೊಟ್ಟಗಾದರೂ ದುಡ್ಡು ನೀರುಪಾಲು. ಹಳೆಯ ಕಂಪ್ಯೂಟರಿನ ಡಿಡಿಆರ್4 ರ‍್ಯಾಮನ್ನಾದರೂ ಉಳಿಸಿಕೊಳ್ಳೋಣ ಎಂದು ನಾನು ಪಟ್ಟು ಹಿಡಿದೆ. ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ ಆಗುವುದಂತೆ. ಎರಡಕ್ಕೂ ನಡುವಿನ ಕಚ್ಚು ಬೇರೆ ಬೇರೆ ಕಡೆಗಿದೆ, ಒತ್ತಿದರೂ ಕೂರುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿನ ಹೆಸರುಗಳು ಬಿಎಂಟಿಸಿ ಬಸ್ಸಿನ ನಂಬರಿನಂತೆ. ಬರೀ 500 ಎಂಬುದನ್ನು ನೋಡಿ ಹತ್ತಿದವನ ಗತಿ ಬೆಂಗಳೂರಿಗರಿಗೆ ಗೊತ್ತು. ಊರು ಮುಟ್ಟಿಸುವುದು ಕೊನೆಯ ಅಕ್ಷರ. ಇಲ್ಲೂ 4060 ಬೇರೆ, 4060 ಟಿಐ ಬೇರೆ. 9060 ಎಕ್ಸ್‌ಟಿ ಇನ್ನೊಂದು ಕಂಪನಿಯದು, ಅದರಲ್ಲೂ 8 ಜಿಬಿಯದೊಂದು, 16ರದೊಂದು. ಹೊಸದು ಬಂದಷ್ಟೂ ಎಲ್ಲವೂ ಹೆಚ್ಚುತ್ತದೆ ಎಂದು ನಾನು ತಿಳಿದಿದ್ದೆ. ನೋಡಿದರೆ 2021ರಲ್ಲಿ ಬಂದ ಎನ್‌ವಿಡಿಯಾ 3060ಕ್ಕೆ 12 ಜಿಬಿ ಮೆಮೊರಿ, 2023ರ 4060ಕ್ಕೆ 8, 2025ರ 5060ಕ್ಕೂ 8. ನಮ್ಮ ಮನೆಯ ಹಾಗೇ: ಅಣ್ಣನಿಗೆ ನೆನಪು ಜಾಸ್ತಿ, ತಮ್ಮಂದಿರಿಗೆ ಓಟ ಜಾಸ್ತಿ.

“ಸೆಕೆಂಡಿಗೆ 60 ಫ್ರೇಮಾದ್ರೂ ಬೇಕಪ್ಪಾ” ಎಂದ ಮಗ.

“ಸಿನಿಮಾ ಓಡೋದು 24ರಲ್ಲಿ. ರಾಜ್‌ಕುಮಾರ್ ಸಿನಿಮಾ ಎಲ್ಲ ಅಷ್ಟರಲ್ಲೇ ನೋಡಿ ಕಣ್ಣೀರು ಹಾಕಿದೀವಿ.”

“ಕಣ್ಣು ಉರಿದಿರ್ಬೇಕು.”

ನನ್ನ ಅರ್ಧಕ್ಕೆ, ಅಂದರೆ ಹಾರ್ಡ್‌ಡಿಸ್ಕಿಗೆ ಬಂದಾಗ ವಿಷಯ ಗಂಭೀರವಾಯಿತು. ಇಬ್ಬರು ಹೊತ್ತು ಇಳಿಸಿದ ಟ್ರಂಕು ಅದು! ಅದಕ್ಕೆ ಎಷ್ಟು ಜಾಗ ಬೇಕೋ ಎಂದು 4 ಟಿಬಿಯದು ಎರಡು ಬೇಕೇ ಬೇಕೆಂದು ಹಟ ಮಾಡಿದೆ. ಎರಡಕ್ಕೂ ಒಂದೇ ಮಾಹಿತಿ ಬರೆಯುತ್ತಿದ್ದರೆ ಒಂದು ಸತ್ತರೂ ಇನ್ನೊಂದರಲ್ಲಿ ಅಪ್ಪ ಉಳಿಯುತ್ತಾರೆ. ಅಗ್ಗದ್ದು ನೋಡಿಟ್ಟಿದ್ದೆ. ಮಗ ತಲೆ ಅಲ್ಲಾಡಿಸಿದ. “ಇದು ಎಸ್‌ಎಂಆರ್ ಅಪ್ಪಾ. ಸಿಎಂಆರ್ ತಗೊ.”

ಎಸ್ ಎಂದರೆ ಶಿಂಗಲ್ಡ್. ಮೂರು ಸಲ ವಿವರಿಸಿದ. ಮೂರನೆಯ ಸಲಕ್ಕೆ ಹೊಳೆಯಿತು: ಅರೆ, ಇದು ಮಂಗಳೂರು ಹಂಚು! ಡಿಸ್ಕಿನ ತಟ್ಟೆಯ ಮೇಲೆ ಹೆಚ್ಚು ತುಂಬಿಸುವ ಆಸೆಗೆ ಬರವಣಿಗೆಯ ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು ಹೊದೆಸುತ್ತಾರೆ. ಓದಲು ತೊಂದರೆಯಿಲ್ಲ, ಕಾಣುವಷ್ಟು ಅಂಚು ಸಾಕು. ಆದರೆ ನಡುವೆ ಒಂದನ್ನು ತಿದ್ದಬೇಕೆಂದರೆ ಅದರ ಮೇಲೆ ಕೂತ ಸಾಲುಗಳನ್ನೆಲ್ಲ ಎತ್ತಿ ಪಕ್ಕಕ್ಕಿಟ್ಟು, ತಿದ್ದಿ, ಒಂದೊಂದಾಗಿ ಮತ್ತೆ ಹೊದೆಸಬೇಕು. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ, ರೀಪಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಹಂಚು ಕೈಯಾಡಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ಒಡೆದ ಹಂಚು ಬದಲಿಸಲು ಹತ್ತಿದ ಅಣ್ಣ ಇಳಿಯುವುದರೊಳಗೆ ಇನ್ನು ಮೂರು ಒಡೆದಿರುತ್ತಾನೆ. 2020ರಲ್ಲಿ ದೊಡ್ಡ ಕಂಪನಿಯೊಂದು ಸಂಗ್ರಹಕ್ಕೆಂದೇ ಮಾರುವ ತನ್ನ ಡಿಸ್ಕುಗಳಿಗೆ ಹೀಗೆ ಹಂಚು ಹೊದೆಸಿದ್ದನ್ನು ಬಾಯಿಬಿಡದೆ ಮಾರಿ, ಗಿರಾಕಿಗಳು ಪತ್ತೆಹಚ್ಚಿ ರಂಪ ಎಬ್ಬಿಸಿದ ಮೇಲೆ ಒಪ್ಪಿಕೊಂಡಿತಂತೆ. ಒಂದು ಸಲ ತುಂಬಿಸಿ ಸುಮ್ಮನೆ ಇಡುವ ಕ್ಯಾಸೆಟ್ಟಿಗೆ ಹಂಚಿನ ಮಾಡೇ ಸಾಕಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಅಪ್ಪನ ವಿಷಯಕ್ಕೆ ಚೌಕಾಶಿ ಮಾಡಿದ ಎಂಬ ಮಾತು ಯಾಕೆ? ಆರ್‌ಸಿಸಿಗೇ ಒಪ್ಪಿದೆ.

ಮನೆಗೆ ತಂದು ಹಾಕಿದ ಮೇಲೆ 4 ಟಿಬಿ ಎಂದು ಕೊಂಡದ್ದು ಪರದೆಯಲ್ಲಿ 3.63 ಎಂದು ತೋರಿಸಿತು. ಕಂಪನಿಯವರಿಗೆ ಸಾವಿರಕ್ಕೆ ಒಂದು ಮೆಟ್ಟಿಲು, ವಿಂಡೋಸಿಗೆ 1024ಕ್ಕೆ ಒಂದು. ಹಿಂದೆ ಒಡೆಯರ ಮನೆಯಲ್ಲಿ ಗೇಣಿ ಅಳೆದುಕೊಳ್ಳುವ ಕೊಳಗ ಒಂದು, ಕಡ ಅಳೆದುಕೊಡುವ ಕೊಳಗ ಇನ್ನೊಂದು ಇರುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದರು. ಇಲ್ಲಿ ಎರಡು ಕೊಳಗವೂ ಸಾಚಾ, ನಡುವೆ 0.37 ಎಲ್ಲಿ ಚೆಲ್ಲಿತೆಂದು ಯಾರನ್ನೂ ಕೇಳುವ ಹಾಗಿಲ್ಲ.

ಡಿಸೆಂಬರಿನ ಒಂದು ಶನಿವಾರ ಕೆ.ಆರ್. ಮಾರ್ಕೆಟ್ಟಿನಲ್ಲಿ ಮೆಟ್ರೋ ಇಳಿದು ಎಸ್.ಪಿ. ರಸ್ತೆಗೆ ನಡೆದೆವು. ಸಾದರ್ ಪತ್ರಪ್ಪ ರಸ್ತೆ ಎಂದರೆ ಅಲ್ಲಿನವರಿಗೇ ತಿಳಿಯಲಿಕ್ಕಿಲ್ಲ, ಎಸ್.ಪಿ. ರೋಡ್ ಎನ್ನಬೇಕು. ಒಬ್ಬ ಮನುಷ್ಯ ಅಡ್ಡಡ್ಡ ತಿರುಗಿದರೆ ಮಾತ್ರ ನುಗ್ಗಬಹುದಾದ ಅಂಗಡಿಗಳು, ತಲೆಯ ಮೇಲೆ ಮಾನಿಟರ್ ಡಬ್ಬ ಹೊತ್ತು “ಸೈಡ್, ಸೈಡ್” ಎನ್ನುತ್ತ ಓಡುವ ಹುಡುಗರು. ಬಟ್ಟೆಯಂಗಡಿಯಲ್ಲಿ ಹೆಂಡತಿಯ ಹಿಂದೆ ಚೀಲ ಹಿಡಿದು ನಿಲ್ಲುವ ಗಂಡನ ಮುಖ ನನಗೆ ಗೊತ್ತು. ಅಂದು ಅಲ್ಲಿ ಮಕ್ಕಳ ಹಿಂದೆ ಅದೇ ಮುಖ ಹೊತ್ತ ಹತ್ತಾರು ಅಪ್ಪಂದಿರನ್ನು ಕಂಡೆ. ಕಣ್ಣಲ್ಲೇ ಪರಸ್ಪರ ಸಾಂತ್ವನ ಹೇಳಿಕೊಂಡೆವು.

ಪ್ರೊಸೆಸರ್, ಬೋರ್ಡು, ಎಸ್‌ಎಂಪಿಎಸ್ ಎಲ್ಲ ಅಂದುಕೊಂಡ ಬೆಲೆಗೇ ಆದವು. ರ‍್ಯಾಮ್ ಎಂದಾಗ ಅಂಗಡಿಯ ಹುಡುಗ ಫೋನು ತೆಗೆದು ನೋಡಿ, “ಇದು ಇವತ್ತಿನ ರೇಟು ಅಂಕಲ್. ನಾಳೇದು ನಾಳೆ” ಎಂದ. ಚಿನ್ನದ ಅಂಗಡಿಯ ಮಾತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಮೆಮೊರಿ ಒದಗಿಸುವುದರಲ್ಲೇ ಕಾರ್ಖಾನೆಗಳು ಮುಳುಗಿ, 2025ರ ಕೊನೆಯ ತಿಂಗಳುಗಳಲ್ಲಿ ನಮ್ಮಂಥವರ ರ‍್ಯಾಮಿನ ಬೆಲೆ ದುಪ್ಪಟ್ಟನ್ನೂ ಮೀರಿತ್ತು. ಯಂತ್ರಗಳ ಬುದ್ಧಿಗಾಗಿ ನನ್ನ ಬುದ್ಧಿ ಬಲಿ. ಸುಗ್ರೀವನ ಕರೆಗೆ ಓಡಿಬಂದ ವಾಲಿಯನ್ನು ಮರದ ಮರೆಯಿಂದ ಹೊಡೆದವನು ರಾಮ, ಮಗನ ಕರೆಗೆ ಓಡಿಬಂದ ನನ್ನನ್ನು ಹೊಡೆದದ್ದು ರ‍್ಯಾಮ್. 32 ಜಿಬಿ ಬೇಕೆಂದು ಹೋದವರು 16ಕ್ಕೆ ಇಳಿದೆವು.

ಆಮೇಲೆ ಕ್ಯಾಬಿನೆಟ್ಟು. ಗೇಮಿಂಗ್ ಕ್ಯಾಬಿನೆಟ್ಟಿಗೆ ಈಗ ಎರಡು ಕಡೆ ಗಾಜು, ಎದುರಿಗೆ ಮೂರು ಫ್ಯಾನು, ಫ್ಯಾನಿನ ತುಂಬ ದೀಪ. 1 ಕೋಟಿ 67 ಲಕ್ಷ ಬಣ್ಣ ಬರುತ್ತದಂತೆ. ಇಷ್ಟಿದ್ದೂ ಹಾರ್ಡ್‌ಡಿಸ್ಕ್ ಇಡುವ ಗೂಡು ಎರಡೇ, ಅದೂ ಕೆಳಗೆ ಎಸ್‌ಎಂಪಿಎಸ್ಸಿನ ಪಕ್ಕ ಕತ್ತಲಲ್ಲಿ. ಹಿರಿಯರನ್ನು ಹಿತ್ತಿಲ ಕೋಣೆಗೆ ಹಾಕುವ ಪದ್ಧತಿ ಇಲ್ಲಿಗೂ ಬಂದಿದೆ ಎಂದುಕೊಂಡೆ. ಮನೆಗೆ ತಂದು ದೀಪ ಹಚ್ಚಿ ತೋರಿಸಿದಾಗ ಇವಳು ಸ್ವಲ್ಪ ಹೊತ್ತು ನೋಡಿ, “ಗಣಪತಿ ಎಲ್ಲಿ?” ಎಂದು ಕೇಳಿದಳು.

ಇವಳ ನಿಜವಾದ ಚಿಂತೆ ಬೇರೆಯಿತ್ತು. ಗೃಹಜ್ಯೋತಿಯಲ್ಲಿ ನಮಗೆ ಬಿಲ್ ಸೊನ್ನೆ. ಹಿಂದಿನ ಸರಾಸರಿಗೆ ಶೇ 10 ಸೇರಿಸಿ ಹಾಕಿಕೊಟ್ಟ ಮಿತಿಯೊಳಗೆ ಇವಳು ಗೀಸರು, ಮಿಕ್ಸಿಗಳನ್ನು ಸರ್ಕಸ್ ಹುಲಿಗಳಂತೆ ಆಡಿಸಿಕೊಂಡು ಬಂದಿದ್ದಾಳೆ. ಸಂಗ್ರಹದ ಯಂತ್ರ ಹಗಲೂ ರಾತ್ರಿ ಉರಿಯುತ್ತಿರಬೇಕು ಎಂದ ಮಗ. ಸುಮ್ಮನೆ ಕೂತರೂ 50 ವ್ಯಾಟ್. ತಿಂಗಳಿಗೆ 720 ಗಂಟೆ. ಒಟ್ಟು 36 ಯೂನಿಟ್. ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿ ಎದುರಿಗೆ ಹಿಡಿದಳು. ಮಾವನವರ ಮೇಲೆ ಗೌರವವಿದೆ, ಆದರೆ ಅವರು ರಾತ್ರಿ ಹತ್ತಕ್ಕೆ ಮಲಗಬೇಕು ಎಂದು ತೀರ್ಪಾಯಿತು.

ಜೋಡಿಸುವುದಕ್ಕೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಪ್ರೊಸೆಸರಿನ ನೆತ್ತಿಗೆ ಪೇಸ್ಟ್ ಹಚ್ಚುವ ಗೌರವ ನನಗೆ ಬಂತು. ತೀರ್ಥ ಕೊಡುವ ಕೈ, ಗಂಧದಷ್ಟೇ ಹಚ್ಚಿದೆ. ಸ್ವಿಚ್ ಒತ್ತಿದರೆ ಫ್ಯಾನು ತಿರುಗಿತು, ಕೋಟಿ ಬಣ್ಣ ಹರಿಯಿತು, ಪರದೆ ಮಾತ್ರ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ಮಗನ ಮುಖ ಬಿಳಿಚಿತು, ಇವಳು ದೇವರ ಮನೆಯತ್ತ ನಡೆದಳು. ಈ ಹೊಸ ಬೋರ್ಡುಗಳು ಮೊದಲ ಸಲ ಎದ್ದಾಗ ರ‍್ಯಾಮಿನ ಜತೆ ಹೊಂದಿಕೊಳ್ಳಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಎಂದು ಆಮೇಲೆ ತಿಳಿಯಿತು. ಮದ್ದಳೆಗೆ ಶ್ರುತಿ ಮಾಡುವಾಗ ಗಲಾಟೆ ಮಾಡಬಾರದು ಎಂದು ಅಪ್ಪ ಗದರುತ್ತಿದ್ದದ್ದು ನೆನಪಾಯಿತು.

ಎದ್ದದ್ದೇನೋ ಎದ್ದಿತು. ಆದರೆ ಅದರಲ್ಲಿ ಆಟ ತೆವಳಿತು. ಕುದುರೆ ಏರಿದ ಕೌಬಾಯ್ ಸೆಕೆಂಡಿಗೆ ಏಳೆಂಟು ಚಿತ್ರದಲ್ಲಿ, ಕುಂಟೆತ್ತಿನ ಮೇಲೆ ಕೂತವನಂತೆ ಸಾಗಿದ. ಮೂರು ದಿನ ಮಗ ಅಂಗಡಿಯವನನ್ನು ಶಂಕಿಸಿದ, ಎಸ್‌ಎಂಪಿಎಸ್ಸನ್ನು ಶಂಕಿಸಿದ, ನಾನು ಹಚ್ಚಿದ ಗಂಧವನ್ನೂ ಶಂಕಿಸಿದ. ನಾಲ್ಕನೆಯ ದಿನ ಕಸ ಗುಡಿಸಲು ಬಂದ ಇವಳು ಹಿಂದೆ ಇಣುಕಿ, “ಈ ದಪ್ಪ ಕಾರ್ಡಿಗೆ ವೈರೇ ಹಾಕಿಲ್ವಲ್ಲ?” ಎಂದಳು. ಮಾನಿಟರಿನ ಕೇಬಲ್ಲು ಮದರ್‌ಬೋರ್ಡಿನ ತೂತಿನಲ್ಲಿತ್ತು. ಪ್ರೊಸೆಸರಿನೊಳಗೇ ಇರುವ ಪುಟ್ಟ ಗ್ರಾಫಿಕ್ಸ್ ಪಾಪ ಮೂರು ದಿನ ಒಬ್ಬಂಟಿಯಾಗಿ ಕುದುರೆ ಎಳೆದಿತ್ತು. ಪಟ್ಟಿಯಲ್ಲೇ ಎಲ್ಲಕ್ಕಿಂತ ದುಬಾರಿ ಕಾರ್ಡು ಪಕ್ಕದಲ್ಲೇ ಮದುಮಗನಂತೆ ಸುಮ್ಮನೆ ಕೂತಿತ್ತು. ಕೇಬಲ್ ಸಿಕ್ಕಿಸಿದ್ದು ಯಾರು ಎಂಬ ವಿಚಾರಣೆ ನಡೆಯಿತು. ತೂತು ಕಂಡಿತು, ಹಾಕಿದೆ.

ಇಷ್ಟಾದ ಮೇಲೆ ನನ್ನ ಸರದಿ. ಬೋರ್ಡಿನ ಹಿಂಭಾಗದಲ್ಲಿ ತಿಳಿನೀಲಿ ಬಣ್ಣದ ಸಣ್ಣ ತೂತೊಂದಿದೆ, ಲೈನ್ ಇನ್. ಹಳೆಯ ಟೇಪ್‌ರೆಕಾರ್ಡರಿನ ವೈರನ್ನು ಅಲ್ಲಿಗೆ ಚುಚ್ಚಿದೆ. ಇದರಲ್ಲಿ ಅವಸರ ನಡೆಯುವುದಿಲ್ಲ. ಲಕ್ಷದ ಯಂತ್ರವಾದರೂ 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು. ಬೂಷ್ಟು ಹಿಡಿದ ವಾಲಿಯ ಸುರುಳಿಯನ್ನು ಒರೆಸಿ ಬೇರೆ ಚಿಪ್ಪಿಗೆ ಹಾಕಿ ಓಡಿಸಿದೆ. ಸೊರಸೊರ ಸದ್ದಿನ ನಡುವೆ ಶೇಣಿಯವರ ಧ್ವನಿ ಬಂತು. ಹತ್ತಿರದಲ್ಲೆಲ್ಲೋ ಒಂದು ಕೆಮ್ಮು, ಅದು ಅಪ್ಪನದು. ಬಾಣ ನಾಟಿದ ವಾಲಿ ರಾಮನನ್ನು ಒಂದೊಂದಾಗಿ ಪ್ರಶ್ನೆ ಕೇಳುತ್ತ ಹೋದ. ಮಗನೂ ಹೆಡ್‌ಫೋನ್ ತೆಗೆದು ಕೂತ. ರಾಮ “ವಾಲೀ…” ಎಂದು ಉತ್ತರಕ್ಕೆ ಬಾಯಿ ತೆರೆದ, ಕಟಕ್ಕೆಂದು ಕ್ಯಾಸೆಟ್ಟು ಮುಗಿಯಿತು.

ತಿಂಗಳೊಪ್ಪತ್ತಿನಲ್ಲಿ 46 ಕ್ಯಾಸೆಟ್ಟೂ ಒಳಗೆ ಹೋದವು. ಎಲ್ಲ ಸೇರಿ 69 ಗಂಟೆ. ಎಂಪಿ3 ಮಾಡಿ ಎಷ್ಟಾಯಿತು ನೋಡು ಎಂದೆ. ಮಗ ನೋಡಿದ. ಏನೂ ಹೇಳದೆ ಪರದೆಯನ್ನು ನನ್ನ ಕಡೆ ತಿರುಗಿಸಿದ. 4 ಜಿಬಿಗೂ ಚೂರು ಕಡಿಮೆ. ಇಬ್ಬರು ಹೊತ್ತು ಇಳಿಸಿದ ಟ್ರಂಕು, ಕೊಂಡ ಜಾಗದಲ್ಲಿ ಸಾವಿರಕ್ಕೆ ಒಂದು ಪಾಲು! ದೇವರ ಮನೆಯ ಗೂಡಿನಲ್ಲಿ ಯಾರೋ ಯಾವುದೋ ಸಮಾರಂಭದಲ್ಲಿ ಉಡುಗೊರೆ ಕೊಟ್ಟ ಪೆನ್‌ಡ್ರೈವಿದೆ, 16 ಜಿಬಿಯದು. ಅದರಲ್ಲಿ ಅಪ್ಪ ಕಾಲು ಚಾಚಿ ಮಲಗಬಹುದಿತ್ತು. ತಿಳಿನೀಲಿ ತೂತು ಹಳೆಯ ಡಬ್ಬಕ್ಕೂ ಇತ್ತು ಎಂಬುದನ್ನು ನಾನು ಇವಳಿಗೆ ಹೇಳಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಅಳತೆ ಟ್ರಂಕಿನಲ್ಲಿ. ಕೌಬಾಯ್ ಕುದುರೆಯ ಮೇಲೆ ಅಲೆಯುವ ಆ ‘ರೆಡ್ ಡೆಡ್ ರಿಡೆಂಪ್ಶನ್ 2’ 150 ಜಿಬಿ ಕೇಳುತ್ತದೆ. ಹತ್ತಿರ ಹತ್ತಿರ 38 ಟ್ರಂಕು. ‘ಬಾಲ್ಡರ್ಸ್ ಗೇಟ್ 3’ ಇನ್ನೊಂದು 38. ಮಗನ ಎಸ್‌ಎಸ್‌ಡಿ ತುಂಬಿದಂತೆ, ಸದ್ಯ ಆಡದ ಆಟಗಳು ಒಂದೊಂದಾಗಿ ನನ್ನ ಡಿಸ್ಕಿಗೆ ಬಂದು ಇಳಿದವು. “ಸ್ವಲ್ಪ ದಿನ ಅಷ್ಟೇ ಅಪ್ಪಾ.” ಬಾಡಿಗೆಯಿಲ್ಲದೆ ಹೊರಜಗುಲಿ ಕೊಟ್ಟರೆ ನಡುಮನೆಗೆ ಬರುವವರನ್ನು ನಾನು ಊರಲ್ಲೇ ಕಂಡಿದ್ದೇನೆ.

ಸಂಗ್ರಹದ ಶಾಸ್ತ್ರದಲ್ಲಿ ಒಂದು ನಿಯಮವಿದೆ: ಪ್ರತಿ ಮೂರಿರಬೇಕು, ಎರಡು ಬಗೆಯ ವಸ್ತುವಿನ ಮೇಲಿರಬೇಕು, ಒಂದಾದರೂ ಬೇರೆ ಊರಲ್ಲಿರಬೇಕು. ಹಾಗಾಗಿ ಹಳೆಯ ಕಂಪ್ಯೂಟರಿನ ಡಿಸ್ಕಿಗೆ ಒಂದು ಪ್ರತಿ ಹಾಕಿ, ಹತ್ತಿಬಟ್ಟೆಯಲ್ಲಿ ಸುತ್ತಿ ಅಣ್ಣನಿಗೆ ಕಳಿಸಿದೆ. ತಣ್ಣಗಿನ, ಒಣ ಜಾಗದಲ್ಲಿಡು ಎಂದು ಚೀಟಿಯನ್ನೂ ಬರೆದೆ.

ಮೊನ್ನೆ ಫೋನು ಮಾಡಿದ. “ನಿನ್ನ ಡಬ್ಬಿ ಭದ್ರ ಇಟ್ಟೆ ಮಾರಾಯ. ಅಟ್ಟದಲ್ಲಿ, ಅಪ್ಪನ ಟ್ರಂಕಲ್ಲೇ. ಹತ್ತು ನುಸಿಗುಳಿಗೆ ಹಾಕಿದೇನೆ. ಮೇಲೆ ಒಂದು ಹಂಚು ಒಡೆದದೆ, ಮಳೆಗಾಲದೊಳಗೆ ಬದಲ್ಸ್ತೇನೆ.” ಸ್ವಲ್ಪ ತಡೆದು ಹೇಳಿದ: “ಟ್ರಂಕಿನ ತಳದ ಕಾಗದ ಎತ್ತಿದ್ರೆ ಅಡಿಗೆ ಇನ್ನೊಂದು ಕ್ಯಾಸೆಟ್ಟು ಸಿಕ್ತು. ‘ವಾಲಿವಧೆ, 2’ ಅಂತ ಬರೆದದೆ. ಕಳಿಸ್ಲಾ? ನಿನ್ನ ಕಂಪ್ಯೂಟರಲ್ಲಿ ಜಾಗ ಉಂಟೋ?”

ಮಗನ ಕಡೆ ತಿರುಗಿ ಕೇಳಿದೆ. ಅವನು ಕೌಬಾಯ್‌ನನ್ನು ನದಿ ದಾಟಿಸುತ್ತಿದ್ದ. ಕಣ್ಣು ತೆಗೆಯದೆ ಹೇಳಿದ: “ನೋಡ್ಬೇಕಪ್ಪಾ. ಒಂದು ಗೇಮ್ ತೆಗೀಬೇಕಾಗ್ಬಹುದು.”