ಮನೆ ಅದಲು-ಬದಲು

1953ರಲ್ಲಿ ಯುರೋಪಿನ ಕೆಲವು ಮೇಷ್ಟ್ರುಗಳು ರಜೆಗೆ ಪರಸ್ಪರ ಮನೆ ಬಿಟ್ಟುಕೊಡುವ ಏರ್ಪಾಡು ಶುರುಮಾಡಿದರು. ಮೇಷ್ಟ್ರುಗಳಲ್ಲವೇ, ಎಲ್ಲ ಬರೆದಿಟ್ಟುಕೊಂಡಿರಬೇಕು. ನಮ್ಮವರದು ಫೋನಿನಲ್ಲೇ ಮುಗಿಯುತ್ತದೆ.

ಬೆಂಗಳೂರು: ಜುಲೈನಲ್ಲಿ ಒಂದು ವಾರ ನಮ್ಮನೆಗೆ ನೀವು, ನಿಮ್ಮನೆಗೆ ನಾವು. ಆಗಬಹುದಾ ಸಾರ್?

ಆಗುಂಬೆ: ಅದ್ಕೆಂತ ಮಾರಾಯ್ರೆ, ಬನ್ನಿ.

ಬೆಂಗಳೂರು: ಮಳೆ?

ಆಗುಂಬೆ: ಸ್ವಲ್ಪ ಇರ್ತದೆ.

(ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಊರಿನ ‘ಸ್ವಲ್ಪ’ ಇದು.)

ಬೆಂಗಳೂರು: ನೆಟ್‌ವರ್ಕ್ ಸಿಗುತ್ತಾ? ನಂದು ವರ್ಕ್ ಫ್ರಮ್ ಹೋಮ್.

ಆಗುಂಬೆ: ಧಾರಾಳ. ಕೊಟ್ಟಿಗೆ ಹಿಂದಿನ ದರೆ ಹತ್ತಿ, ಕೊಡೆ ಬಲಗೈಲಿ ಹಿಡಿದು, ಎಡಕ್ಕೆ ಸ್ವಲ್ಪ ವಾಲಬೇಕು. ನಿಮ್ಮಲ್ಲಿ ನೀರು?

ಬೆಂಗಳೂರು: ಕಾವೇರಿ ಕನೆಕ್ಷನ್ ಇದೆ.

ಆಗುಂಬೆ: ಕನೆಕ್ಷನ್ ಸರಿ. ನೀರು?

ಬೆಂಗಳೂರು: ಟ್ಯಾಂಕರ್‌ನವನ ನಂಬರ್ ಫ್ರಿಜ್ ಮೇಲೆ ಅಂಟಿಸಿದೀನಿ.

ಆಗುಂಬೆ: ಮೆಟ್ರೋ ಹತ್ತಿರ ಅಂದಿದ್ರಿ?

ಬೆಂಗಳೂರು: ತುಂಬಾ! ಕಿಟಕಿ ತೆಗೆದ್ರೆ ಪಿಲ್ಲರ್ ಮುಟ್ಟಬಹುದು. ರೈಲು ಯಾವಾಗ ಅಂತ ಮಾತ್ರ ಕೇಳಬೇಡಿ. ಅಲ್ಲಿ ಹಾವು ಗೀವು...?

ಆಗುಂಬೆ: ಛೇ, ಕಾಳಿಂಗ ಪಾಪದ್ದು. ಮನುಷ್ಯರನ್ನು ಕಂಡ್ರೆ ಅದೇ ಸರಿದು ಹೋಗ್ತದೆ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಬಚ್ಚಲ ಹತ್ರ ಇಟ್ಟಿರ್ತೇನೆ. ಹಾಂ, ನಿಮಗೆ ಹಾಲು ಕರೆಯೋಕೆ ಬರ್ತದಲ್ಲ?

ಬೆಂಗಳೂರು: ಸಾರ್! ಅದನ್ನ ಮೊದಲೇ ಹೇಳಬಾರದಾ?

ಆಗುಂಬೆ: ನೀವು ಕೇಳ್ಲಿಲ್ಲ. ಐದನೇ ಮಹಡಿ ಅಂದ್ರಲ್ಲ, ಲಿಫ್ಟ್ ಇದ್ಯಾ?

ಬೆಂಗಳೂರು: ಇದೆ.

ಆಗುಂಬೆ: ಓಡ್ತದಾ?

ಬೆಂಗಳೂರು: ಹಲೋ? ಹಲೋ? ನಿಮ್ಮ ಮಾತು ಕಟ್ ಆಗ್ತಿದೆ ಸಾರ್...