ಬೀಗಶಾಸ್ತ್ರ ಪ್ರವೇಶಿಕೆ: ತೋಟದ ಕಂಪ್ಯೂಟರಿನಲ್ಲಿ ಜಿಪ್ಪಾಗದ ಫೈಲಿನ ಮೀಮಾಂಸೆ

ಹದಿನೇಳನೆಯ ಶತಮಾನದಲ್ಲಿ ಯೆಮನ್ನಿನಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದರೆಂದು ಪ್ರತೀತಿಯಿರುವ ಬಾಬಾಬುಡನ್ ಅವರೇ ಚಿಕ್ಕಮಗಳೂರು ಜಿಲ್ಲೆಯ ಆದ್ಯ ಆರ್ಕೈವರ್ ಎಂಬುದು ಪ್ರಸ್ತುತ ಪ್ರಬಂಧದ ಮೊದಲ ಪ್ರತಿಪಾದನೆ. ಗುಡ್ಡಗುಡ್ಡಗಳ ತೋಟವನ್ನೆಲ್ಲ ಏಳು ಬೀಜಕ್ಕೆ ಇಳಿಸಿದ ತಂತ್ರಾಂಶ ಆಮೇಲೆ ಹುಟ್ಟಿಲ್ಲ. 1989ರಲ್ಲಿ ಫಿಲ್ ಕಾಟ್ಜ್ ತಂದ ಜಿಪ್, 1999ರಲ್ಲಿ ಇಗೋರ್ ಪಾವ್ಲೊವ್ ಬರೆದ 7-ಜಿಪ್ ಎಲ್ಲವೂ ಆ ಮೂಲಕೃತಿಗೆ ಬರೆದ ಟೀಕೆಗಳು. ಬಾಬಾಬುಡನ್ನರಿಗಿದ್ದ ಅನುಕೂಲವೆಂದರೆ ಆ ಬೀಜಗಳನ್ನು ಬೇರೆ ಯಾವ ಪ್ರೋಗ್ರಾಮೂ ತೆರೆದಿಟ್ಟುಕೊಂಡಿರಲಿಲ್ಲ.

ಈಗ ಸಮಸ್ಯೆ. ಮೂಡಿಗೆರೆ ಸೀಮೆಯ ನಮ್ಮ ಅಧ್ಯಯನದ ತೋಟದಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿಯದೇ ಆಳ್ವಿಕೆ. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಅದರ ಆರೈಕೆ ಕೈಬಿಟ್ಟಿತು. ಅಜ್ಜನ ಕಾಲದ ಪಲ್ಪರಿಗೆ ಗ್ರೀಸು ಹಾಕಿ ತಿರುಗಿಸುವವರಿಗೆ ಇದೊಂದು ಸುದ್ದಿಯೇ? ಬಟವಾಡೆಯ ಸಂಜೆ, ತೋಟದ ಲೆಕ್ಕ ಬರೆಯುವ ರೈಟರು ಹಾಜರಿ, ಮುಂಗಡ, ಹಣ್ಣು ಕುಯಿಲಿನ ತೂಕದ ಫೈಲುಗಳನ್ನು ಜಿಪ್ ಮಾಡಿ ಚಿಕ್ಕಮಗಳೂರಿನ ಆಡಿಟರಿಗೆ ಕಳಿಸಲು ಕೂರುತ್ತಾರೆ. ಫೈಲು ಬೇರೆಯವರ ಬಳಕೆಯಲ್ಲಿದೆ ಎಂದು ಯಂತ್ರ ಸಾರುತ್ತದೆ. ಆಫೀಸಿನಲ್ಲಿರುವುದು ರೈಟರು ಮತ್ತು ಒಂದು ಹಲ್ಲಿ. ದೂರು ತೋಟದ ಯಜಮಾನರಾದ ಗೌಡರವರೆಗೆ ಹೋಗುತ್ತದೆ.

“ಗೌಡ್ರೇ, ಫೈಲನ್ನ ಬೇರೆ ಯಾರೋ ಹಿಡ್ಕೊಂಡಿದಾರಂತೆ.”

“ಯಾರ್ರೀ ಅದು? ಕರ್ಕೊಂಡು ಬನ್ನಿ ಇಲ್ಲಿಗೆ.”

ಕಂಪ್ಯೂಟರಿಗೆ ಕನ್ನಡ ಕಲಿಸಬೇಕೆಂದು ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಹಟ ಹಿಡಿದು ಕೂತಿದ್ದ ಮೂಡಿಗೆರೆಯಲ್ಲೇ ಈ ಮಟ್ಟದ ಚರ್ಚೆ ನಡೆಯುತ್ತಿರುವುದರಿಂದ ಶಾಸ್ತ್ರದ ಅಗತ್ಯ ಸ್ವಯಂಸಿದ್ಧ.

ಪೂರ್ವಪಕ್ಷ ಮೂರು. ಮೂಡಿಗೆರೆಯವರು ವೈರಸ್ ಎನ್ನುತ್ತಾರೆ. ಕಳಸದವರು ಮಳೆಗಾಲದ ಶೀತ ಎನ್ನುತ್ತಾರೆ. ಚಿಕ್ಕಮಗಳೂರಿನಿಂದ ಬಂದ ಸರ್ವಿಸ್ ಹುಡುಗ ಫಾರ್ಮ್ಯಾಟ್ ಮಾಡಬೇಕೆನ್ನುತ್ತಾನೆ. ಮೂರನೆಯ ಮತಕ್ಕೆ ಮಾತ್ರ ಬಿಲ್ಲಿದೆ.

ಸಿದ್ಧಾಂತ: ಬೀಗ ಎರಡು ಬಗೆ, ನಶ್ವರ ಮತ್ತು ಪ್ರೇತರೂಪಿ. ನಶ್ವರ ಬೀಗವನ್ನು ವಿಂಡೋಸ್ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಎಕ್ಸೆಲ್ ಹಾಜರಿಯನ್ನು ತಿದ್ದಲೆಂದು ತೆರೆದಿರುತ್ತದೆ. ಯಾರೂ ತಿದ್ದದ ಫೈಲೇ ಬೇಕೆಂದು 7-ಜಿಪ್ ಕೇಳುತ್ತದೆ. ಇಬ್ಬರ ಷರತ್ತೂ ಹೊಂದುವುದಿಲ್ಲ. ಕೆಲವೊಮ್ಮೆ ಹಿಡಿದವರು ಆಂಟಿವೈರಸ್ಸೋ, ಫೋಟೋ ಫೋಲ್ಡರಿನ ಥಂಬ್ಸ್.ಡಿಬಿ ಎಂಬ ಅಡಗಿದ ಫೈಲನ್ನು ಬಿಡದೆ ಕೂತ ಎಕ್ಸ್‌ಪ್ಲೋರರೋ ಆಗಿರುತ್ತಾರೆ. ಪ್ರೋಗ್ರಾಮು ಸತ್ತರೆ ಈ ಬೀಗವೂ ಸತ್ತಿತು. ಆದ್ದರಿಂದಲೇ ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ’ ಎಂಬ ಜನಪದ ಸೂತ್ರಕ್ಕೆ ಶಾಸ್ತ್ರದ ಮಾನ್ಯತೆಯುಂಟು; ಆಷಾಢದಲ್ಲಿ ಕಳಸದ ಕಡೆ ಕರೆಂಟೇ ಈ ಚಿಕಿತ್ಸೆಯನ್ನು ಕೇಳದೆ ಮಾಡುತ್ತದೆ.

ಆದರೆ ಆ ಚಿಕಿತ್ಸೆಯಿಂದಲೇ ಎರಡನೆಯ ಬಗೆ ಹುಟ್ಟುತ್ತದೆ. ವರ್ಡ್ ಪತ್ರ ತೆರೆದಾಗ ಅದರ ಪಕ್ಕದಲ್ಲಿ ‘~$’ ಎಂದು ಶುರುವಾಗುವ ಗುಪ್ತ ಫೈಲೊಂದನ್ನು ಇಟ್ಟು, ತೆರೆದವರ ಹೆಸರನ್ನು ಅದರಲ್ಲಿ ಬರೆದಿಡುತ್ತದೆ. ಪತ್ರ ಮುಚ್ಚಿದಾಗ ಅದನ್ನು ಅಳಿಸುವುದು ಕ್ರಮ. ನಡುವೆ ಕರೆಂಟು ಹೋದರೆ ಅದು ಡಿಸ್ಕಿನಲ್ಲೇ ಉಳಿಯುತ್ತದೆ. ಮರುದಿನ ಪತ್ರ ತೆರೆಯಹೋದ ರೈಟರಿಗೆ, ಸ್ವತಃ ರೈಟರೇ ಅದನ್ನು ತಿದ್ದುತ್ತಿದ್ದಾರೆಂಬ ಉತ್ತರ ಬರುತ್ತದೆ. ಅದ್ವೈತದಲ್ಲಿ ಇದಕ್ಕೆ ಸಮಾಧಾನವಿರಬಹುದು, ಆಡಿಟಿನಲ್ಲಿಲ್ಲ. ಇದು ರೀಸ್ಟಾರ್ಟಿಗೆ ಜಗ್ಗುವುದಿಲ್ಲ. ವರ್ಡನ್ನು ಪೂರ್ತಿ ಮುಚ್ಚಿ, ಅಡಗಿದ ಫೈಲುಗಳು ಕಾಣುವಂತೆ ಮಾಡಿ, ಕೈಯಾರೆ ಅಳಿಸಬೇಕು. ಅಳಿಸದೆ ಇಡೀ ಫೋಲ್ಡರನ್ನು ಜಿಪ್ ಮಾಡಿದರೆ ಪ್ರೇತವೂ ಚಿಕ್ಕಮಗಳೂರಿಗೆ ಪ್ರಯಾಣ ಮಾಡುತ್ತದೆ. ಅದರ ವಯಸ್ಸನ್ನು ತಾರೀಕು ನೋಡಿ ನಿರ್ಧರಿಸುವವರು ಮೊದಲು ಮದರ್‌ಬೋರ್ಡಿನ ಗುಂಡು ಬ್ಯಾಟರಿ ನೋಡಲಿ. ಅದು ಸತ್ತ ಯಂತ್ರದಲ್ಲಿ ನಿನ್ನೆಯ ಫೈಲಿಗೂ ಇಪ್ಪತ್ತು ವರ್ಷ ವಯಸ್ಸಾಗಿರುತ್ತದೆ.

ಉಳಿದದ್ದು ಬಲಾತ್ಕಾರ ಮಾರ್ಗ. ಬೇರೆಯವರು ತೆರೆದ ಫೈಲನ್ನೂ ಸೇರಿಸುವ ಆಯ್ಕೆ 7-ಜಿಪ್‌ನಲ್ಲೂ ವಿನ್‌ರಾರ್‌ನಲ್ಲೂ ಇದೆ. ಟಿಕ್ ಮಾಡಿದರೆ ದೂರು ನಿಲ್ಲುತ್ತದೆ, ಗೌಡರು ಪ್ರಸನ್ನರಾಗುತ್ತಾರೆ. ಆದರೆ ಜಿಪ್ಪಿಗೆ ಹೋಗುವುದು ಡಿಸ್ಕಿನಲ್ಲಿ ಇದ್ದಷ್ಟೇ. ರೈಟರು ಪರದೆಯ ಮೇಲೆ ಬರೆದು ಸೇವ್ ಮಾಡದ ಮುಂಗಡ ಅದರಲ್ಲಿರುವುದಿಲ್ಲ. ದೂರುವ ತಂತ್ರಾಂಶಕ್ಕಿಂತ ಸುಮ್ಮನಿರುವ ತಂತ್ರಾಂಶ ಅಪಾಯ ಎಂಬುದು ಈ ಲೇಖಕನ ಖಚಿತ ಮತ, ಇದರಲ್ಲಿ ಅಣಕವಿಲ್ಲ.

ಈ ಪ್ರಬಂಧವನ್ನು ಜಿಪ್ ಮಾಡಿ ಮಿತ್ರರಿಗೆ ಕಳಿಸಬಯಸುವ ಓದುಗರು ದಯವಿಟ್ಟು ಮೊದಲು ಸೇವ್ ಮಾಡಿ, ಆಮೇಲೆ ವರ್ಡ್ ಮುಚ್ಚಬೇಕಾಗಿ ವಿನಂತಿ.